ಹಲಸೂರಿನ ಇಲಿ ಡಾಕ್ಟ್ರು

ಹೋದ ತಿಂಗಳು ನಮ್ಮ ಮೇಡಂ ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಎರಡು ಮಾತಾಡು ಎಂದು ನನ್ನನ್ನು ವೇದಿಕೆ ಹತ್ತಿಸಿದರು. ಕಾಲೇಜಿನಲ್ಲಿ ದಿನವಿಡೀ ಪಾಠ ಹೇಳುವ ನನಗೆ ಮೈಕಿನ ಮುಂದೆ ನಿಂತ ಕೂಡಲೇ ಬಾಯಿ ಕಟ್ಟಿಹೋಯಿತು. "ನಮ್ಮ ಮೇಡಂ ತುಂಬಾ ಒಳ್ಳೆಯವರು" ಎಂದು ಪ್ರೈಮರಿ ಶಾಲೆಯ ಹುಡುಗನ ಹಾಗೆ ಒಂದೇ ಸಾಲು ಹೇಳಿ ಇಳಿದುಬಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಎಲ್ಲರಿಗೂ ಕೇಳಿಸುವ ಹಾಗೆ, "ಇಷ್ಟು ಹೇಳೋಕೆ ಕೆ.ಆರ್. ಪುರದಿಂದ ಮೆಟ್ರೋ ಹತ್ಕೊಂಡು ಬಂದ್ಯೇನೋ?" ಎಂದರು. ಸಭೆಯೆಲ್ಲ ನಕ್ಕಿತು. ಅಲ್ಲಿ ಆಡಲಾಗದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ. ಅವರ ಬೀದಿಯಲ್ಲಂತೂ ಯಾರೂ ಅವರನ್ನು ಹೆಸರು ಹಿಡಿದು ಕರೆದಿದ್ದನ್ನು ನಾನು ಕೇಳಿಲ್ಲ. ಮೇಡಂ ಓದಿದ್ದು, ಕೆಲಸ ಮಾಡಿದ್ದು ಇಮ್ಯುನಾಲಜಿಯಲ್ಲಿ. ನಮ್ಮ ದೇಹ ರೋಗಾಣುಗಳನ್ನು ಹೇಗೆ ಗುರುತು ಹಿಡಿಯುತ್ತದೆ, ಹೇಗೆ ಎದುರಿಸುತ್ತದೆ ಎಂದು ಹುಡುಕುವ ವಿಜ್ಞಾನ ಅದು. ಹಲಸೂರಿನ ಆ ಹಳೆಯ ಬೀದಿಗೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಅವರು ಇಲಿಗಳ ಮೇಲೆ ಪ್ರಯೋಗ ಮಾಡುತ್ತಾರೆ ಎಂಬ ಸುದ್ದಿ ಹೇಗೋ ಹಬ್ಬಿ, ಇಡೀ ಬೀದಿಗೆ ಅವರು 'ಇಲಿ ಡಾಕ್ಟ್ರು' ಆಗಿಬಿಟ್ಟಿದ್ದರು. "ಅಕ್ಕಾ, ಅಡಿಗೆಮನೇಲಿ ಹೆಗ್ಗಣ ಸೇರ್ಕೊಂಡಿದೆ, ಒಂಚೂರು ಬಂದು ನೋಡಿ" ಎಂದು ಪಕ್ಕದ ಮನೆಯವರು ಕರೆದರೆ ಬೇಸರಪಡದೆ ಹೋಗಿ ನೋಡುತ್ತಿದ್ದರು. "ಕೊಬ್ರಿ ಚೂರಿಗೆಲ್ಲ ಈಗಿನ ಹೆಗ್ಗಣ ಬರಲ್ಲ ಕಣ್ರೀ. ಬೋನಿಗೆ ಮಸಾಲೆ ವಡೆ ಇಡಿ" ಎಂದು ಸಲಹೆ ಕೊಟ್ಟು ಬರುತ್ತಿದ್ದರು. ಪಿಎಚ್.ಡಿ. ಪದವಿಗೆ ಸಾರ್ವಜನಿಕವಾಗಿ ಸಿಕ್ಕ ಏಕೈಕ ಉಪಯೋಗ ಇದು ಎಂದು ಲ್ಯಾಬಿನಲ್ಲಿ ಹೇಳಿಕೊಂಡು ನಗುತ್ತಿದ್ದರು.

ನಾನು ಅವರನ್ನು ಮೊದಲು ಕಂಡಿದ್ದು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಲು ಸಂದರ್ಶನಕ್ಕೆ ಹೋದಾಗ. ನಮ್ಮ ಅಪ್ಪ ಅಮ್ಮ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಕೆ.ಆರ್. ಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಇಡೀ ವಂಶದಲ್ಲಿ ಎಂ.ಎಸ್ಸಿ. ಮುಗಿಸಿದವನು ನಾನೊಬ್ಬನೇ ಆದ್ದರಿಂದ ತಲೆಯಲ್ಲಿ ಒಂದಿಷ್ಟು ಗಾಳಿಯೂ ತುಂಬಿತ್ತು. ಪುಸ್ತಕವೆಲ್ಲ ಉರು ಹೊಡೆದು ಹೋಗಿದ್ದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ.

"ಅಡುಗೆ ಬರುತ್ತೇನಪ್ಪಾ?"

ನನಗೆ ಅವಮಾನವಾದಂತಾಯಿತು. ಆದರೂ ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳಾದ್ದರಿಂದ ರೊಟ್ಟಿ ಬಡಿಯುವುದು, ಪಲ್ಯ ಮಾಡುವುದು ಬರುತ್ತದೆ ಎಂದೆ.

"ಉಪ್ಪು ಎಷ್ಟು ಹಾಕ್ತೀಯ?"

"ರುಚಿ ನೋಡಿ ಹಾಕ್ತೀನಿ ಮೇಡಂ."

"ಸೇರ್ಕೋ" ಎಂದರು. ನನ್ನ ಅಂಕಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಉರು ಹೊಡೆದದ್ದೆಲ್ಲ ದಂಡವಾಯಿತಲ್ಲ ಎಂದು ನನಗೆ ಆಗ ಸಿಟ್ಟೇ ಬಂದಿತ್ತು.

ಅವರ ಮನೆತನದವರು ಹಿಂದೆ ಸೊಪ್ಪು ಬೆಳೆಯುತ್ತಿದ್ದವರು. ಹೊಲಗಳು ಬಡಾವಣೆಯಾಗಿ, ಬಡಾವಣೆಯ ಬಂಗಲೆಗಳು ಹೋಟೆಲುಗಳಾಗಿ ಬಹಳ ಕಾಲವಾಗಿತ್ತು. ನಾವೆಲ್ಲ ಸೇರಿ ಇಂದಿರಾನಗರದ ನೂರಡಿ ರಸ್ತೆಗೆ ಊಟಕ್ಕೆ ಹೋದರೆ ಮೇಡಂ ಒಂದು ಪಬ್ಬಿನ ಮುಂದೆ ನಿಂತು, "ಇಲ್ಲೇ ಕಣ್ರೋ ನಮ್ಮ ತಾತ ದಂಟು ಬೆಳೀತಿದ್ದಿದ್ದು. ಆ ಹುಡುಗ ನಿಂತಿದ್ದಾನಲ್ಲ, ಅಲ್ಲಿ ಬಾವಿ ಇತ್ತು" ಎನ್ನುತ್ತಿದ್ದರು. ಬಾಗಿಲಲ್ಲಿದ್ದ ಸೆಕ್ಯೂರಿಟಿ ಹುಡುಗ ಗಾಬರಿಯಿಂದ ತನ್ನ ಕಾಲ ಕೆಳಗೆ ನೋಡಿಕೊಳ್ಳುತ್ತಿದ್ದ. ಅವರ ಮಾತಿನಲ್ಲಿ ಕಳೆದುಕೊಂಡ ದುಃಖವೇನೂ ಇರುತ್ತಿರಲಿಲ್ಲ. ಮರುಕ್ಷಣವೇ ಒಳಗೆ ಹೋಗಿ ಮೆನು ತೆಗೆದು, ಸೊಪ್ಪಿನದು ಏನಿದೆ ಎಂದು ಹುಡುಕುತ್ತಿದ್ದರು.

ಆ ಸೊಪ್ಪು ನಮ್ಮ ಲ್ಯಾಬಿಗೂ ಬಂದಿತ್ತು. ಪ್ರಯೋಗ ಮಾಡುವವನಿಗೆ ಯಾವ ನಳಿಕೆಯಲ್ಲಿ ಏನಿದೆ ಎಂದು ಗೊತ್ತಿದ್ದರೆ ಅವನ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಅದಕ್ಕಾಗಿ ನಳಿಕೆಗಳ ಗುರುತನ್ನು ಇನ್ನೊಬ್ಬರು ಮರೆಮಾಡಿ ಕೊಡಬೇಕು. ಬೇರೆ ಲ್ಯಾಬುಗಳಲ್ಲಿ ಅಂಕಿ, ಅಕ್ಷರ ಬರೆಯುತ್ತಾರೆ. ನಮ್ಮಲ್ಲಿ ದಂಟು, ಮೆಂತ್ಯ, ಹರಿವೆ, ಸಬ್ಬಸಿಗೆ. ಶನಿವಾರ ಎಲ್ಲರೂ ಸೇರಿ ಗುಟ್ಟು ಬಿಚ್ಚುತ್ತಿದ್ದೆವು. ಅದಕ್ಕೆ 'ಸೊಪ್ಪಿನ ಸಂತೆ' ಎಂದೇ ಹೆಸರು. "ಈ ಸಲ ಹರಿವೆ ಚೆನ್ನಾಗಿ ಎದ್ದಿದೆ ಮೇಡಂ" ಎಂದು ನಾವು ಫೋನಿನಲ್ಲಿ ಹೇಳುವುದನ್ನು ಕೇಳಿ, ಹೊಸದಾಗಿ ಬಂದಿದ್ದ ಕಚೇರಿ ಗುಮಾಸ್ತರು ನಮ್ಮದು ಕೃಷಿ ವಿಭಾಗ ಎಂದೇ ಬಹಳ ದಿನ ತಿಳಿದಿದ್ದರು.

ಮೇಡಂ ಈ ದಾರಿಗೆ ಬಂದದ್ದು ಶಿವಾಜಿನಗರದಿಂದ. ಬಿ.ಎಸ್ಸಿ. ಮುಗಿಸಿದ ಮೇಲೆ ಮನೆಯ ಪರಿಸ್ಥಿತಿ ನೋಡಿ ಅಲ್ಲಿಯ ಒಂದು ರಕ್ತ ಪರೀಕ್ಷೆಯ ಅಂಗಡಿಗೆ ಕೆಲಸಕ್ಕೆ ಸೇರಿದ್ದರು. ಅದನ್ನು ನಡೆಸುತ್ತಿದ್ದ ವಯಸ್ಸಾದ ಸಾಬರನ್ನು ಎಲ್ಲರೂ ಡಾಕ್ಟರ್ ಸಾಬ್ ಎಂದೇ ಕರೆಯುತ್ತಿದ್ದರಂತೆ. ಇವರ ಕೆಲಸ ಗಾಜಿನ ಚೂರಿನ ಮೇಲೆ ರಕ್ತ ಸವರಿ, ಸೂಕ್ಷ್ಮದರ್ಶಕದಲ್ಲಿ ಬಿಳಿ ಕಣಗಳನ್ನು ಎಣಿಸುವುದು. ಒಂದು ದಿನ ಇವರು ಎಣಿಸುವುದನ್ನು ಬಿಟ್ಟು, "ಸಾಬ್, ಇವಕ್ಕೆ ಯಾರು ನಮ್ಮೋರು, ಯಾರು ಬೇರೆಯೋರು ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದರು. "ಅರೆ ಅಮ್ಮಾ, ಗಿನ್ನೋ ಬೋಲಾ ತೋ ಸವಾಲ್ ಪೂಛ್ತೀ! ಎಣಿಸು ಅಂದ್ರೆ ಪ್ರಶ್ನೆ ಕೇಳ್ತೀಯಲ್ಲ, ನೀನು ಇಲ್ಲಿ ಇರೋಳಲ್ಲ. ಹೋಗಿ ಓದು" ಎಂದು ಬೈದರಂತೆ ಸಾಬರು. ಬೈದವರೇ ಎಂ.ಎಸ್ಸಿ. ಅರ್ಜಿಯನ್ನೂ ತರಿಸಿಕೊಟ್ಟರು. ಮುಂದೆ ಪಿಎಚ್.ಡಿ., ಆಮೇಲೆ ಕೆಲವು ವರ್ಷ ಹಿಮ ಬೀಳುವ ಒಂದು ದೇಶದಲ್ಲಿ ಸಂಶೋಧನೆ, ಆಮೇಲೆ ಇಲ್ಲಿಗೇ ವಾಪಸ್ಸು. ವಾಪಸ್ಸು ಬಂದದ್ದೇಕೆ ಎಂದು ಯಾರಾದರೂ ಕೇಳಿದರೆ ದೇಶಪ್ರೇಮದ ಭಾಷಣ ಮಾಡುತ್ತಿರಲಿಲ್ಲ. "ಅಲ್ಲಿ ಮಧ್ಯಾಹ್ನದ ಊಟಕ್ಕೆ ತಣ್ಣನೆ ಬ್ರೆಡ್ ತಿಂತಾರೆ ಕಣ್ರೀ. ಅದ್ಹೆಂಗೆ ತಲೆ ಓಡುತ್ತೆ ಅವ್ರಿಗೆ?" ಎನ್ನುತ್ತಿದ್ದರು.

ಕೊರೊನಾ ಬಂದ ಮೇಲೆ ಊರಿನವರೆಲ್ಲ ಇಮ್ಯುನಿಟಿ ತಜ್ಞರಾದರಲ್ಲ, ಆಗ ಮೇಡಂ ಅನುಭವಿಸಿದ ಕಷ್ಟ ಅಷ್ಟಿಷ್ಟಲ್ಲ. ಬೀದಿಯಲ್ಲಿ ಹೋದರೆ ಸಾಕು, "ಅಕ್ಕಾ, ಇಮ್ಯುನಿಟಿ ಜಾಸ್ತಿ ಆಗೋಕೆ ಯಾವ ಕಷಾಯ ಕುಡೀಬೇಕು?" ಎಂಬ ಪ್ರಶ್ನೆ. "ಜಾಸ್ತಿ ಆಗ್ಲೇಬಾರ್ದು ಕಣಮ್ಮಾ. ಮನೆ ಕಾಯೋ ನಾಯಿಗೆ ಕೋಪ ಜಾಸ್ತಿ ಆದ್ರೆ ಮನೆಯೋರನ್ನೇ ಕಚ್ಚುತ್ತೆ. ಕಷಾಯ ಬಿಟ್ಟು ಲಸಿಕೆ ಹಾಕಿಸ್ಕೋ ಹೋಗು" ಎಂದು ಗದರಿಸಿ ಕಳಿಸುತ್ತಿದ್ದರು. ಕೇಳಿದವರಿಗೆ ಸಮಾಧಾನವಾಗುತ್ತಿರಲಿಲ್ಲ. ಇಷ್ಟು ಓದಿದವರು ಒಂದು ಕಷಾಯ ಹೇಳಲಿಲ್ಲವಲ್ಲ ಎಂದು ಅವರ ತಾಯಿಯ ಹತ್ತಿರ ದೂರು ಹೋಗುತ್ತಿತ್ತು.

ಆ ತಾಯಿಯ ವಿಷಯಕ್ಕೆ ನಾನು ಬರಲೇಬೇಕು. ಮೇಡಂ ಮದುವೆಯಾಗಲಿಲ್ಲ, ತಾಯಿ ಮಗಳು ಇಬ್ಬರೇ ಹಳೆಯ ಮನೆಯಲ್ಲಿದ್ದರು. ಮೇಡಂ ಶಾಲೆಯಲ್ಲಿದ್ದಾಗಲೇ ತಂದೆ ಕ್ಷಯದಿಂದ ತೀರಿಕೊಂಡಿದ್ದರು. ಮಗಳು ವಿದೇಶದಿಂದ ಬಂದು ಹಿಡಿದದ್ದೂ ಅದೇ ಕ್ಷಯದ ಕೆಲಸ. ಆ ರೋಗಾಣುವಿನ ಒಂದು ಪ್ರೋಟೀನ್ ತೋರಿಸಿದರೆ ನಮ್ಮ ರಕ್ಷಣಾ ಕೋಶಗಳು ತಟ್ಟನೆ ಎಚ್ಚರಗೊಳ್ಳುತ್ತವೆ, ಅದರಿಂದ ಹೊಸ ಲಸಿಕೆ ಮಾಡಬಹುದು ಎಂದು ಅವರು ತೋರಿಸಿದ್ದರು. ಮೇಡಂಗೆ ಹೆಸರು ಬಂದದ್ದೇ ಈ ಕೆಲಸದಿಂದ. ಒಮ್ಮೆ ಪತ್ರಿಕೆಯೊಂದರಲ್ಲಿ ಫೋಟೋ ಸಮೇತ ಸುದ್ದಿ ಬಂತು. 'ದಾರಿ ಸಿಗಬಹುದು' ಎಂದು ಪತ್ರಿಕೆ ಬರೆದಿತ್ತು. ತಾಯಿ ಅಷ್ಟಕ್ಕೆ ನಿಲ್ಲಲಿಲ್ಲ. ಸೊಪ್ಪಿನವಳಿಂದ ಹಿಡಿದು ಗುಡಿಯ ಪೂಜಾರಿಯವರೆಗೆ ಎಲ್ಲರಿಗೂ, "ನಮ್ಮ ಯಜಮಾನ್ರನ್ನ ತಿಂದ ಕಾಯಿಲೇನ ನನ್ನ ಮಗಳು ತಿಂದಾಕ್ಬಿಟ್ಲು" ಎಂದು ಹೇಳಿಕೊಂಡು ಬಂದರು. ಆ ಮುದುಕಿಯ ಮುಖದಲ್ಲಿ ಆಗ ಇದ್ದ ಕಳೆಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಪಿಎಚ್.ಡಿ. ಅದೇ ಕೆಲಸದ ಮುಂದುವರಿಕೆಯಾಗಿತ್ತು. ಇಲ್ಲಿ ಒಂದು ಮಾತು ವಿವರಿಸಬೇಕು. ಆ ಪ್ರೋಟೀನನ್ನು ಕ್ಷಯದ ರೋಗಾಣುವಿನಿಂದಲೇ ಬೇಕಾದಷ್ಟು ತೆಗೆಯುವುದು ಕಷ್ಟ. ಹಾಗಾಗಿ ಅದನ್ನು ತಯಾರಿಸುವ ಕೆಲಸವನ್ನು ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಒಪ್ಪಿಸುತ್ತೇವೆ. ಅದು ತಯಾರಿಸಿಕೊಡುತ್ತದೆ, ಜೊತೆಗೆ ತನ್ನ ಮೈಯ ಕೊಳೆಯನ್ನೂ ಅಂಟಿಸಿ ಕೊಡುತ್ತದೆ. ರಕ್ಷಣಾ ಕೋಶಗಳಿಗೆ ಆ ಕೊಳೆ ಕಂಡರೂ ಸಾಕು, ಎದ್ದು ಕೂಗಾಡುತ್ತವೆ. ಎಬ್ಬಿಸಿದ್ದು ಪ್ರೋಟೀನೋ ಕೊಳೆಯೋ ಎಂದು ತಿಳಿಯಲು ಸುಲಭದ ಉಪಾಯವೊಂದಿದೆ. ಕುದಿಸುವುದು. ಕುದಿಸಿದರೆ ಪ್ರೋಟೀನ್ ಕೆಡುತ್ತದೆ, ಕೊಳೆ ಕೆಡುವುದಿಲ್ಲ. ಕುದಿಸಿದ ಮೇಲೂ ಕೋಶಗಳು ಎದ್ದರೆ, ಕೊಳೆಯೇ ಎಬ್ಬಿಸಿದೆ ಎಂದು ಅರ್ಥ. ನಾವು ಏನೇ ಫಲಿತಾಂಶ ತೋರಿಸಿದರೂ ಮೇಡಂ ಮೊದಲು ಕೇಳುತ್ತಿದ್ದದ್ದು "ಕುದಿಸಿದ್ಯಾ?" ಎಂದೇ.

ಅವರ ಆ ಮೊದಲ ಕೆಲಸದಲ್ಲಿ ಮಾತ್ರ ಕುದಿಸಿ ನೋಡಿರಲಿಲ್ಲ. ಆಗ ಪ್ರೋಟೀನನ್ನು ಬೇರೆ ವಿಧಾನದಲ್ಲಿ ತೊಳೆದು ಶುದ್ಧ ಮಾಡಿದ್ದರು, ಅಷ್ಟು ಸಾಕು ಎಂದುಕೊಂಡಿದ್ದರು. ಕುದಿಸುವ ಪಟ್ಟು ಹಿಡಿದದ್ದು ಆಮೇಲೆ. ನಾನು ಅವರ ಶಿಷ್ಯ, ಅಭ್ಯಾಸಬಲದಿಂದ ಅವರ ಹಳೆಯ ಪ್ರಯೋಗವನ್ನೇ ಮತ್ತೆ ಮಾಡುವಾಗ ಒಂದು ಪಾಲು ಕುದಿಸಿ ಇಟ್ಟೆ. ಸೊಪ್ಪಿನ ಸಂತೆಗೆ ಮುಂಚೆ ನಳಿಕೆಗಳಿಗೆ ಹೆಸರು ಹಾಕಿಕೊಟ್ಟಿದ್ದ ಗೆಳೆಯನಿಂದ ಗುಟ್ಟು ಬಿಚ್ಚಿಸಿ ನೋಡಿದರೆ, ಕೋಶಗಳನ್ನು ಎಲ್ಲಕ್ಕಿಂತ ಜೋರಾಗಿ ಎಬ್ಬಿಸಿದ್ದ ಸಬ್ಬಸಿಗೆಯೇ ಕುದಿಸಿದ್ದು.

ನೇರವಾಗಿ ಮೇಡಂ ಕೋಣೆಗೆ ಹೋದೆ.

"ಮೇಡಂ, ನಿಮ್ಮ ಪ್ರೋಟೀನ್ ಕುದಿಸೀನ್ರಿ. ಆದ್ರೂ ಕೋಶ ಎದ್ದಾವ್ರಿ."

ಮೇಡಂ ತಲೆಯೆತ್ತಿ ನೋಡಿದರು. "ನಿನ್ನ ಬಾಯಲ್ಲಿ ರಾಯಚೂರು ಬಂತು ಅಂದ್ರೆ ಭಯ ಆಗಿದೆ ಅಂತ. ಕೂತ್ಕೋ. ನೀರು ಕುಡಿ" ಎಂದರು. ನಾನು ಕೂತೆ. ಎಲ್ಲ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, ನಂಬಲೂ ಇಲ್ಲ. "ನಾನೇ ಮಾಡಿ ನೋಡ್ತೀನಿ. ನಳಿಕೆಗೆ ಸೊಪ್ಪಿನ ಹೆಸರು ನೀನು ಹಾಕು" ಎಂದು ಎದ್ದರು.

ಆ ವಾರ ಮೇಡಂ ಮತ್ತೆ ವಿದ್ಯಾರ್ಥಿನಿಯಾದ ಹಾಗೆ ಬಿಳಿ ಕೋಟು ತೊಟ್ಟು ಲ್ಯಾಬಿನಲ್ಲಿ ನಿಂತರು. ಯಾವ ಸೊಪ್ಪು ಯಾವುದು ಎಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಅವರು ಕೋಶಗಳನ್ನು ನೋಡುತ್ತಾ, "ದಂಟು ಎದ್ದಿಲ್ಲ. ಹರಿವೆ ಎದ್ದಿದೆ. ಮೆಂತ್ಯಾನೂ ಎದ್ದಿದೆ, ಸಕತ್ತಾಗಿ ಎದ್ದಿದೆ" ಎಂದು ಹೇಳಿ ನನ್ನ ಕಡೆ ತಿರುಗಿದರು. "ಮೆಂತ್ಯ ಯಾವ್ದೋ?"

"ಕುದಿಸಿದ್ದು ಮೇಡಂ."

ಅವರು ಸ್ಟೂಲಿನ ಮೇಲೆ ಕೂತರು. ಆಮೇಲೆ, "ಇಷ್ಟು ವರ್ಷ ಕೊಳೆ ನೋಡ್ಕೊಂಡು ಕುಣಿದಿದ್ದೀನಲ್ಲೋ ನಾನು!" ಎಂದು ಜೋರಾಗಿ ನಕ್ಕರು. ನಗುವುದೋ ಬಿಡುವುದೋ ತಿಳಿಯದೆ ನಾನು ನೆಲ ನೋಡುತ್ತಿದ್ದೆ. "ನೀನ್ಯಾಕೋ ಹಿಂಗಿದ್ದೀಯ? ನಿನ್ನ ಪ್ರಯೋಗ ಸರಿಯಾಗೇ ಇದೆ. ನಡಿ, ದೋಸೆ ತಿನ್ನೋಣ" ಎಂದರು. ದೋಸೆ ಬಂತು. ಅವರು ಒಂದು ತುತ್ತೂ ತಿನ್ನಲಿಲ್ಲ. ತಟ್ಟೆ ನೋಡುತ್ತಾ ಕೂತಿದ್ದವರು ಮೆಲ್ಲಗೆ, "ಜರ್ನಲ್‌ಗೆ ಹೇಳ್ತೀನಿ, ಡೈರೆಕ್ಟರ್‌ಗೆ ಹೇಳ್ತೀನಿ. ಅಮ್ಮನಿಗೆ ಹೆಂಗೋ ಹೇಳೋದು?" ಎಂದರು.

ಆಗಲೇ ನಮ್ಮ ವಿಭಾಗದ ಮುಖ್ಯಸ್ಥರ ಆಯ್ಕೆಯೂ ಹತ್ತಿರದಲ್ಲಿತ್ತು. ಅದು ಮೇಡಂಗೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು, ಈ ಕೆಲಸದ ಹೆಸರಿನ ಬಲದಿಂದಲೇ. ನಮ್ಮ ಸಂಸ್ಥೆಯ ನಿರ್ದೇಶಕರು ಒಳ್ಳೆಯ ಮನುಷ್ಯ. "ಆಯ್ಕೆ ಮುಗೀಲಿ, ಆಮೇಲೆ ನಿಧಾನವಾಗಿ ತಿಳಿಸಿದ್ರೆ ಆಯ್ತಲ್ಲ" ಎಂದರಂತೆ. "ಆಮೇಲೆ ನನಗೆ ಧೈರ್ಯ ಇರುತ್ತೋ ಇಲ್ವೋ ಸರ್. ಈಗ ಇದೆ, ಈಗ್ಲೇ ಮಾಡ್ಬಿಡ್ತೀನಿ" ಎಂದು ಮೇಡಂ ಬಂದವರೇ ಜರ್ನಲ್ಲಿಗೆ ತಪ್ಪಾಗಿದೆ ಎಂದು ಬರೆದು, ಅದರಲ್ಲಿ ಅಚ್ಚಾಗಿದ್ದ ಆ ಹಳೆಯ ಪ್ರಬಂಧವನ್ನು ಹಿಂತೆಗೆದುಕೊಂಡರು. ಮುಖ್ಯಸ್ಥರಾಗಿ ಅವರಿಗಿಂತ ಕಿರಿಯರೊಬ್ಬರು ಬಂದರು. ಅವರ ಹೊಸ ಕೋಣೆಗೆ ಮೊದಲ ದಿನ ಮೇಡಂ ಒಂದು ಗಿಡ ತಂದಿಟ್ಟು, "ಮೀಟಿಂಗ್‌ಗೆಲ್ಲ ಇನ್ಮೇಲೆ ನೀವೇ ಹೋಗಿ ಸರ್, ನಾನು ಬದುಕ್ಕೊಂಡೆ" ಎಂದರು. ಅದು ನಾಟಕವಲ್ಲ. ಮೀಟಿಂಗ್ ಎಂದರೆ ಅವರಿಗೆ ನಿಜಕ್ಕೂ ಆಗುತ್ತಿರಲಿಲ್ಲ.

ತಾಯಿಗೆ ಮಾತ್ರ ಇನ್ನೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಹೇಳಬೇಕೆಂದುಕೊಂಡು, ದಿನಾ ಅವರ ಮುಖ ನೋಡಿ ಸುಮ್ಮನಾಗುತ್ತಿದ್ದರು. ಅಷ್ಟರಲ್ಲಿ ನವೆಂಬರ್ ಬಂತು. ನಮ್ಮ ಊರಿನಲ್ಲಿ ರಾಜ್ಯೋತ್ಸವ ಒಂದು ದಿನದ್ದಲ್ಲ, ತಿಂಗಳು ಪೂರ್ತಿ ಬೀದಿಗೊಂದರಂತೆ ನಡೆಯುತ್ತದೆ. ಮೇಡಂ ಬೀದಿಯ ಯುವಕರ ಸಂಘದವರು ಕೆರೆಯ ಕಡೆ ಹೋಗುವ ತಿರುವಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಮೇಡಂ ಫೋಟೋ, ಕೆಳಗೆ 'ಕ್ಷಯ ರೋಗ ಗೆದ್ದ ಹಲಸೂರಿನ ಹೆಮ್ಮೆಯ ಪುತ್ರಿಗೆ ಸನ್ಮಾನ'. ಫೋಟೋ ಕೊಟ್ಟವರು ತಾಯಿಯೇ. ಮೇಡಂ ಅದನ್ನು ನೋಡಿ ಓಡಿಹೋಗಿ ಸಂಘದ ಅಧ್ಯಕ್ಷ ಮುನಿರಾಜುವನ್ನು ಹಿಡಿದರು.

"ಅದು ಸುಳ್ಳಾಗೋಗಿದೆ ಮುನಿರಾಜು. ತೆಗೆಸ್ಬಿಡಪ್ಪ."

"ಫ್ಲೆಕ್ಸ್ ಕಟ್ಟಾಗಿದೆಯಲ್ಲಕ್ಕಾ! ಆರ್ಕೆಸ್ಟ್ರಾದೋರಿಗೂ ಹೇಳಾಗಿದೆ. ಅದೇನಿದ್ರೂ ಸ್ಟೇಜ್ ಮೇಲೆ ನೀವೇ ಹೇಳ್ಬಿಡಿ" ಎಂದ ಮುನಿರಾಜು.

ಅದೇ ಸರಿ ಎಂದು ಮೇಡಂಗೂ ಅನ್ನಿಸಿತು. ಹೋಗುವ ಮುಂಚೆ ಮನೆಯಲ್ಲಿ ತಾಯಿಗೆ ಹೇಳಲು ಪ್ರಯತ್ನಪಟ್ಟರು. ಅವರು ರೇಷ್ಮೆ ಸೀರೆಯ ನೆರಿಗೆ ಹಿಡಿಯುವುದರಲ್ಲಿದ್ದರು. "ಎಲ್ಲಾ ಅಲ್ಲೇ ಕೇಳ್ತೀನಿ ಬಿಡೇ" ಎಂದುಬಿಟ್ಟರು.

ಸಂಜೆ ನಾನೂ ಹೋಗಿದ್ದೆ. ತಾಯಿ ಮುಂದಿನ ಸಾಲಿನಲ್ಲಿ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಮುನಿರಾಜು ಮೈಸೂರು ಪೇಟ ಕೈಯಲ್ಲಿ ಹಿಡಿದು ಸಿದ್ಧನಾಗಿದ್ದ. ಮೇಡಂ ಅವನನ್ನು ತಡೆದು ಮೊದಲು ಮೈಕು ತೆಗೆದುಕೊಂಡರು.

"ಎಲ್ರಿಗೂ ನಮಸ್ಕಾರ. ಒಂದು ಪ್ರಶ್ನೆ ಕೇಳ್ತೀನಿ. ಬೇಯಿಸಿದ ಮೊಟ್ಟೆಗೆ ಕಾವು ಕೊಟ್ರೆ ಮರಿ ಬರುತ್ತಾ?"

"ಇಲ್ಲಾ!" ಎಂದು ಇಡೀ ಬೀದಿ ಕೂಗಿತು.

"ನಾನು ಬೇಯಿಸಿದ್ದೆ. ಆದ್ರೂ ಮರಿ ಬಂತು. ಅಂದ್ರೆ ಏನು?"

"ಪಕ್ಕದಲ್ಲಿ ಇನ್ಯಾವ್ದೋ ಮೊಟ್ಟೆ ಇತ್ತಕ್ಕಾ!" ಎಂದ ಹಿಂದಿನಿಂದ ಯಾರೋ.

"ಕರೆಕ್ಟ್. ನಾನು ಕಂಡುಹಿಡಿದೆ ಅಂತ ಪೇಪರ್‌ನಲ್ಲಿ ಬಂತಲ್ಲ, ಅದು ಆ ಇನ್ನೊಂದು ಮೊಟ್ಟೆ. ನನಗೆ ಗೊತ್ತಾಗ್ಲಿಲ್ಲ. ಕ್ಷಯಕ್ಕೆ ನನ್ನ ಹತ್ರ ಇನ್ನೂ ಏನೂ ಇಲ್ಲ. ಅಲ್ಲಿ ಫ್ಲೆಕ್ಸ್‌ನಲ್ಲಿ ಬರೆದಿರೋದು ಸರಿಯಿಲ್ಲ. ತಪ್ಪಾಯ್ತು." ಇಷ್ಟೂ ಮಾತನ್ನು ಅವರು ಹೇಳಿದ್ದು ಮುಂದಿನ ಸಾಲಿನ ಆ ಒಂದು ಕುರ್ಚಿಯನ್ನು ನೋಡಿಕೊಂಡೇ.

ಮುನಿರಾಜುಗೆ ಪೇಟವನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಒಳಗಿಡಲೂ ಆಗದೆ, ತೊಡಿಸಲೂ ಆಗದೆ ಹಿಡಿದು ನಿಂತಿದ್ದ. ಮೇಡಂ ಅದನ್ನು ಅವನ ಕೈಯಿಂದ ತೆಗೆದುಕೊಂಡು ನನ್ನನ್ನು ಮೇಲಕ್ಕೆ ಕರೆದರು. ನಾನು ಬರುವುದಿಲ್ಲವೆಂದು ತಲೆಯಾಡಿಸಿದರೂ ಪಕ್ಕದವರು ಎತ್ತಿ ಕಳಿಸಿದರು. "ಇವನು ನನ್ನ ಸ್ಟೂಡೆಂಟು. ತಪ್ಪು ಕಂಡುಹಿಡಿದೋನು ಇವನೇ. ಸನ್ಮಾನ ಅಂತ ಮಾಡೋದಾದ್ರೆ ಇವನಿಗೆ ಮಾಡ್ಬೇಕು" ಎಂದು ನನ್ನ ತಲೆಗೆ ಪೇಟ ಇಟ್ಟೇಬಿಟ್ಟರು. ಅದು ನನಗೆ ದೊಡ್ಡದಾಗಿ ಹುಬ್ಬಿನವರೆಗೆ ಜಾರಿತು. ಯಾರೋ ಸಿಳ್ಳೆ ಹಾಕಿದರು, ಚಪ್ಪಾಳೆ ಶುರುವಾಯಿತು, ಆರ್ಕೆಸ್ಟ್ರಾದವನು ಇದೇ ಸಮಯವೆಂದು ಡೋಲು ಬಾರಿಸಿದ. ತಾಯಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ಕೂತೇ ಇದ್ದರು.

ನಾವಿಬ್ಬರೂ ಇಳಿದು ಅವರ ಹತ್ತಿರ ಹೋದೆವು. ಮೇಡಂ ಮಕ್ಕಳ ಹಾಗೆ ಎದುರಿಗೆ ನಿಂತರು. ಅಷ್ಟು ಹೆದರಿದ್ದ ಮೇಡಂ ಅವರನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಆ ಕ್ಷಣ ನಾನು ಆ ಪ್ರಯೋಗ ಮಾಡಲೇಬಾರದಿತ್ತು ಎನ್ನಿಸಿತು.

"ಹಂಗಾದ್ರೆ ನಿಮ್ಮಪ್ಪನ ಕಾಯಿಲೆಗೆ ಹೊಸ ಲಸಿಕೆ ಇನ್ನೂ ಸಿಕ್ಕಿಲ್ಲ ಅನ್ನು" ಎಂದರು ತಾಯಿ.

"ಇಲ್ಲಮ್ಮ."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳ ಕೈ ಹಿಡಿದುಕೊಂಡು ಕುರ್ಚಿಯಿಂದ ಎದ್ದರು.

"ಸರಿ ಬಿಡು. ನಾಳೆಯಿಂದ ನಾನು ಬೇಗ ಎದ್ದು ಡಬ್ಬಿ ಕಟ್ತೀನಿ. ನೀನು ಬೇಗ ಹೊರಡು. ಈ ಹುಡುಗನಿಗೂ ಸೇರಿಸಿ ಕಟ್ತೀನಿ."